ಕಾಯ್ದೆ ಇದ್ದೂ ಜನಮತವೇಕೆ? 2004ರ ಒಹಾಯೊ ತಿದ್ದುಪಡಿಯ ಹಿಂದಿನ ರಾಜಕೀಯ

2004ರ ನವೆಂಬರ್ 2ರಂದು ಅಮೆರಿಕದ 11 ರಾಜ್ಯಗಳ ಮತದಾರರು ಅಧ್ಯಕ್ಷರ ಆಯ್ಕೆಯ ಜೊತೆಗೇ ಸಲಿಂಗ ವಿವಾಹ ನಿಷೇಧಿಸುವ ಸಂವಿಧಾನ ತಿದ್ದುಪಡಿಗಳಿಗೂ ಮತ ಹಾಕಿದರು. ಹನ್ನೊಂದೂ ಅಂಗೀಕಾರಗೊಂಡವು. ಹಿಂದಿನ ವರ್ಷ ಮ್ಯಾಸಚೂಸೆಟ್ಸ್‌ನ ಸರ್ವೋಚ್ಚ ನ್ಯಾಯಾಲಯ ಇಂಥ ವಿವಾಹಕ್ಕೆ ದಾರಿ ತೆರೆದಿದ್ದರಿಂದ ತಡೆ ಅನಿವಾರ್ಯವಾಯಿತೆಂದು ಪ್ರತಿಪಾದಕರು ಹೇಳುತ್ತಿದ್ದರು.

ಒಹಾಯೊದಲ್ಲಿ ಆ ತಡೆ ಆಗಲೇ ಇತ್ತು. ಗವರ್ನರ್ ಬಾಬ್ ಟಾಫ್ಟ್ ನಿಷೇಧದ ಕಾಯ್ದೆಗೆ ಫೆಬ್ರುವರಿಯಲ್ಲೇ ಸಹಿ ಹಾಕಿದ್ದರು. ಕಾಯ್ದೆಯನ್ನು ನ್ಯಾಯಾಲಯ ರದ್ದುಪಡಿಸಬಹುದು, ಸಂವಿಧಾನದೊಳಗೆ ಸೇರಿಸಿದರೆ ಭದ್ರ ಎಂಬ ವಾದವನ್ನು ಒಪ್ಪೋಣ. ಆದರೆ ತಿದ್ದುಪಡಿಯ ಎರಡನೆಯ ವಾಕ್ಯಕ್ಕೆ ಈ ವಾದದಿಂದ ಸಮರ್ಥನೆ ಸಿಗುವುದಿಲ್ಲ. ಮದುವೆಯಾಗದ ಯಾರ ಸಂಬಂಧಕ್ಕೂ ವಿವಾಹವನ್ನು ಹೋಲುವ ಕಾನೂನು ಸ್ಥಾನಮಾನ ಕೊಡಬಾರದು ಎಂದಿತ್ತು ಅದು. ಟಾಫ್ಟ್, ಸೆನೆಟರ್‌ಗಳಾದ ಜಾರ್ಜ್ ವೊಯಿನೊವಿಚ್, ಮೈಕ್ ಡಿವೈನ್ ಮತ್ತು ಅಟಾರ್ನಿ ಜನರಲ್ ಜಿಮ್ ಪೆಟ್ರೊ ತಿದ್ದುಪಡಿಯನ್ನೇ ವಿರೋಧಿಸಿದರು. ನಾಲ್ವರೂ ರಿಪಬ್ಲಿಕನ್ನರು. ಹಾಗಾಗಿ ಇದು ಅಧ್ಯಕ್ಷ ಚುನಾವಣೆ ಗೆಲ್ಲಲು ಇಡೀ ಪಕ್ಷ ಒಮ್ಮನಸ್ಸಿನಿಂದ ಹೂಡಿದ ತಂತ್ರ ಎಂಬ ಜನಪ್ರಿಯ ವಿವರಣೆಯನ್ನು ನಾನು ಒಪ್ಪಲಾರೆ. ಪ್ರಶ್ನೆಯನ್ನು ಮತಪತ್ರಕ್ಕೆ ತಂದದ್ದು ಫಿಲ್ ಬರೆಸ್ ನೇತೃತ್ವದ ಧಾರ್ಮಿಕ ಸಂಪ್ರದಾಯವಾದಿ ಸಂಘಟನೆ. ತಿದ್ದುಪಡಿಯ ಪರ ಬಹಿರಂಗವಾಗಿ ನಿಂತ ಕೆನ್ ಬ್ಲ್ಯಾಕ್‌ವೆಲ್ ಆಗ ರಾಜ್ಯದ ಚುನಾವಣೆ ನಡೆಸುವ ಅಧಿಕಾರಿ. ಜೊತೆಗೆ ಪಕ್ಷದ ಅಧ್ಯಕ್ಷೀಯ ಅಭ್ಯರ್ಥಿ ಜಾರ್ಜ್ ಬುಷ್ ಅವರ ಒಹಾಯೊ ಪ್ರಚಾರ ಸಮಿತಿಯ ಸಹ ಅಧ್ಯಕ್ಷ. 2006ರಲ್ಲಿ ಗವರ್ನರ್ ಹುದ್ದೆಯ ಅಭ್ಯರ್ಥಿತನಕ್ಕಾಗಿ ಅವರು ಪಕ್ಷದೊಳಗೆ ಸೋಲಿಸಿದ್ದು ಇದೇ ಪೆಟ್ರೊ ಅವರನ್ನು. ಪಕ್ಷದೊಳಗಿನ ಹಿಡಿತಕ್ಕಾಗಿ ನಡೆದ ಈ ಪೈಪೋಟಿಯನ್ನು ಬಿಟ್ಟು ತಿದ್ದುಪಡಿಯನ್ನು ಅರ್ಥಮಾಡಿಕೊಳ್ಳುವುದು ಕಷ್ಟ.

ಬುಷ್ ಒಹಾಯೊ ಗೆದ್ದದ್ದು ಸುಮಾರು 1,18,000 ಮತಗಳಿಂದ. ತಿದ್ದುಪಡಿಗೆ ಬಿದ್ದದ್ದು ಶೇ. 62ರಷ್ಟು ಮತ. ಇವ್ಯಾಂಜೆಲಿಕಲ್ ಕ್ರೈಸ್ತ ಮತದಾರರನ್ನು ಇಂಥ ಪ್ರಶ್ನೆಗಳು ಮತಗಟ್ಟೆಗೆ ಸೆಳೆದವೆಂದು ರಾಜ್ಯಶಾಸ್ತ್ರಜ್ಞರಾದ ಡೇವಿಡ್ ಕ್ಯಾಂಪ್‌ಬೆಲ್ ಮತ್ತು ಕ್ವಿನ್ ಮಾನ್ಸನ್ ಅವರ ಅಧ್ಯಯನ ತೋರಿಸಿದೆ. ಆದರೆ ಆರೆಗನ್, ಮಿಷಿಗನ್‌ಗಳಲ್ಲಿ ತಿದ್ದುಪಡಿಯೂ ಗೆದ್ದಿತು, ಬುಷ್ ಎದುರಾಳಿ ಜಾನ್ ಕೆರಿಯೂ ಗೆದ್ದರು. ಲಾಭದ ಲೆಕ್ಕ ಹಾಕಿದ್ದೇ ಬೇರೆ, ಕೈಗೆ ಬಂದ ಲಾಭವೇ ಬೇರೆ. ಫಲಿತಾಂಶ ನೋಡಿ ಉದ್ದೇಶ ಹೇಳುವ ಸಂಶೋಧಕರು ಎಡವುವುದು ಇಲ್ಲೇ.

ಬೆಲೆ ತೆತ್ತವರು ಬೇರೆಯವರು. ಮದುವೆಯಾಗದೆ ಒಟ್ಟಿಗೆ ಬಾಳುತ್ತಿದ್ದ ಹೆಂಗಸರನ್ನು ಹೊಡೆದ ಆರೋಪಿಗಳು, ಕೌಟುಂಬಿಕ ಹಿಂಸೆಯ ಕಾಯ್ದೆ ತಮಗೆ ಅನ್ವಯಿಸದೆಂದು ಆ ಎರಡನೆಯ ವಾಕ್ಯವನ್ನೇ ಮುಂದಿಟ್ಟರು. ರಾಜ್ಯದ ಸುಪ್ರೀಂ ಕೋರ್ಟ್ ಆ ವಾದವನ್ನು ತಳ್ಳಿಹಾಕಿದ್ದು 2007ರಲ್ಲಿ. ಸಿನ್ಸಿನಾಟಿಯ ಜಿಮ್ ಒಬರ್ಗೆಫೆಲ್, ಸಂಗಾತಿಯ ಮರಣಪತ್ರದಲ್ಲಿ ಪತಿಯೆಂದು ತಮ್ಮ ಹೆಸರು ಉಳಿಸಿಕೊಳ್ಳಲು ದೇಶದ ಸುಪ್ರೀಂ ಕೋರ್ಟ್‌ವರೆಗೂ ಹೋಗಬೇಕಾಯಿತು. 2015ರ ಜೂನ್ 26ರಂದು ಅವರು ಗೆದ್ದರು, ನಿಷೇಧ ಅಸಿಂಧುವಾಯಿತು.