ಅನಗವಾಡಿಗೆ ಏರಿ ಬಂದ ಹಿನ್ನೀರು

ಹುಬ್ಬಳ್ಳಿಯಿಂದ ವಿಜಯಪುರಕ್ಕೆ ಹೋಗುವ ಬಸ್ಸು ಗದ್ದನಕೇರಿ ಕ್ರಾಸ್ ಬಿಟ್ಟ ಮೇಲೆ ಅನಗವಾಡಿ ಸೇತುವೆ ಹತ್ತುತ್ತದೆ. ಕೆಳಗಿರುವುದು ಘಟಪ್ರಭೆ. ಮಳೆಗಾಲ ಮುಗಿದ ಹೊಸತರಲ್ಲಿ ನೋಡಿದವರು ಅದನ್ನು ಹೊಳೆ ಎಂದು ನಂಬುವುದು ಕಷ್ಟ. ನೀರು ಹರಿಯುವ ಗೋಜಿಗೇ ಹೋಗದೆ ಎರಡೂ ದಂಡೆಗೆ ಹರಡಿಕೊಂಡು ನಿಂತಿರುತ್ತದೆ.

ಅದನ್ನು ನಿಲ್ಲಿಸಿದ್ದು ಕೃಷ್ಣೆಗೆ ಅಡ್ಡಲಾಗಿ ಎದ್ದ ಆಲಮಟ್ಟಿ ಅಣೆಕಟ್ಟು. 1964ರ ಮೇ 22ರಂದು ಲಾಲ್ ಬಹಾದ್ದೂರ್ ಶಾಸ್ತ್ರಿ ಅಡಿಗಲ್ಲು ಇಟ್ಟರು. ಮೂರು ವಾರದೊಳಗೆ ಅವರು ಪ್ರಧಾನಿಯಾದರು. ಅಣೆಕಟ್ಟು ಮುಗಿಯಲು ಮಾತ್ರ ನಾಲ್ಕು ದಶಕ ಹಿಡಿಯಿತು. ಎತ್ತರದ ವ್ಯಾಜ್ಯ ಆಂಧ್ರಪ್ರದೇಶದೊಂದಿಗೆ ಸುಪ್ರೀಂ ಕೋರ್ಟಿನವರೆಗೆ ಹೋಗಿ, 2000ದ ಏಪ್ರಿಲ್‌ನಲ್ಲಿ 519.60 ಮೀಟರ್‌ಗೆ ನಿಂತಿತು. ಅಷ್ಟು ಮಟ್ಟಕ್ಕೆ ಹಿಡಿಯುವ ನೀರು ಸುಮಾರು 123 ಟಿಎಂಸಿ. 2006ರ ಆಗಸ್ಟ್‌ನಲ್ಲಿ ರಾಷ್ಟ್ರಪತಿ ಅಬ್ದುಲ್ ಕಲಾಂ ಅದನ್ನು ನಾಡಿಗೆ ಅರ್ಪಿಸಿದರು.

ಕೃಷ್ಣೆಯ ಮೇಲಿನ ಕಟ್ಟೆ ಘಟಪ್ರಭೆಯ ದಂಡೆಯ ಊರನ್ನು ಮುಟ್ಟಿದ್ದು ಹೇಗೆ? ಘಟಪ್ರಭೆ ಚಿಕ್ಕಸಂಗಮದಲ್ಲಿ ಕೃಷ್ಣೆಯನ್ನು ಸೇರುತ್ತದೆ. ಕೃಷ್ಣೆಯ ಮಟ್ಟ ಏರಿದರೆ ಉಪನದಿಯ ನೀರಿಗೆ ಇಳಿಯಲು ಜಾಗವಿಲ್ಲ. ಅದೂ ಅದೇ ಮಟ್ಟಕ್ಕೆ ಏರುತ್ತ ಮೇಲಕ್ಕೆ ಚಾಚುತ್ತದೆ. ಮಲೆನಾಡಿನ ಕಣಿವೆಯಲ್ಲಾದರೆ ನೀರು ಆಳಕ್ಕೆ ತುಂಬುತ್ತಿತ್ತು. ಇಲ್ಲಿಯದು ಸಪಾಟಾದ ಎರೆನೆಲ. ಮಟ್ಟ ಒಂದು ಮೀಟರ್ ಏರಿದರೂ ಹಿಂಗಾರಿ ಜೋಳ, ಕಡಲೆ ಬೆಳೆಯುವ ಹೊಲಗಳ ಮೇಲೆ ನೀರು ದೂರದೂರಕ್ಕೆ ಹಬ್ಬುತ್ತದೆ. ಬಾಗಲಕೋಟೆಯ ಹಳೆಯ ಪೇಟೆಯ ಮಂದಿ ನವನಗರಕ್ಕೆ ಹೋದರು. ಬೀಳಗಿ ಸೀಮೆಯ ಹಳ್ಳಿಗಳವರು ಪುನರ್ವಸತಿ ಕೇಂದ್ರಗಳ ಪ್ಲಾಟುಗಳಿಗೆ ಬಂದರು.

ಬೇಸಿಗೆಯತ್ತ ನೀರು ಇಳಿಯುತ್ತದೆ, ಅಂಚಿನಲ್ಲಿ ತೆಳುನೀರು, ಕೆಸರು ಉಳಿಯುತ್ತದೆ. ಅಂಥ ಜಾಗವೇ ರಾಜಹಂಸಗಳಿಗೆ ಬೇಕಾದದ್ದು. ಕೊಕ್ಕನ್ನು ತಲೆಕೆಳಗಾಗಿ ಅದ್ದಿ, ಕೆಸರುನೀರನ್ನು ಸೋಸಿ ಪಾಚಿ, ಸಣ್ಣ ಜೀವಿಗಳನ್ನು ತಿನ್ನುವ ಹಕ್ಕಿ ಅದು. ಆಲಮಟ್ಟಿ ಹಿನ್ನೀರಿಗೆ ಅವು ಬಂದಾಗ ಪತ್ರಿಕೆಗಳಲ್ಲಿ ಚಿತ್ರ ಬರುತ್ತದೆ. ಚೆಂದವೇ. ಆದರೆ ಆ ಕೆಸರಿಗೆ ಹಿಂದೊಮ್ಮೆ ಸರ್ವೆ ನಂಬರ್ ಇತ್ತು ಎಂಬುದು ಚಿತ್ರದ ಕೆಳಗಿನ ಸಾಲಿನಲ್ಲಿ ಬರುವುದು ಕಡಿಮೆ.

2010ರಲ್ಲಿ ಕೃಷ್ಣಾ ನೀರಿನ ವ್ಯಾಜ್ಯ ನೋಡುತ್ತಿದ್ದ ಬ್ರಿಜೇಶ್ ಕುಮಾರ್ ನ್ಯಾಯಮಂಡಳಿ ಆಲಮಟ್ಟಿಯಲ್ಲಿ 524.256 ಮೀಟರ್‌ವರೆಗೆ ನೀರು ನಿಲ್ಲಿಸಲು ಒಪ್ಪಿತು. ಅಂದರೆ ನಾಲ್ಕೂವರೆ ಮೀಟರಿಗೂ ಹೆಚ್ಚು ಏರಿಕೆ. 2025ರ ಸೆಪ್ಟೆಂಬರ್‌ನಲ್ಲಿ ರಾಜ್ಯ ಸಂಪುಟ ಮುಳುಗುವ ನೀರಾವರಿ ಜಮೀನಿಗೆ ಎಕರೆಗೆ 40 ಲಕ್ಷ, ಒಣಭೂಮಿಗೆ 30 ಲಕ್ಷ ರೂಪಾಯಿ ಪರಿಹಾರ ನಿಗದಿ ಮಾಡಿತು. ದರವೇನೋ ಗೊತ್ತಾಯಿತು, ಆದರೆ ಮುಳುಗಲಿರುವ ನೆಲದಲ್ಲಿ ಬಾವಿ ತೋಡಿಸಬೇಕೋ ಬೇಡವೋ, ಮನೆಗೆ ಮಾಳಿಗೆ ಹಾಕಿಸಬೇಕೋ ಬೇಡವೋ ಎಂಬ ಲೆಕ್ಕ ದಂಡೆಯ ಊರುಗಳಲ್ಲಿ ಇನ್ನೂ ಬಗೆಹರಿದಿಲ್ಲ.