ಹುರಿಯ ರೇಷ್ಮೆ, ಎಣಿಕೆಯ ಸೂಜಿ

ಮದುವೆಯ ಜವಳಿ ಎಂದೊಡನೆ ನೆನಪಿಗೆ ಬರುವ ಮೈಸೂರು ರೇಷ್ಮೆ ಸೀರೆಯು, ಹಲವರು ಭಾವಿಸಿರುವಂತೆ ಕೈಮಗ್ಗದ ಕೂಸಲ್ಲ. ಮೈಸೂರು ಸೀಮೆಯಲ್ಲಿ ರೇಷ್ಮೆ ಕೃಷಿಗೆ ನೆಲೆ ಒದಗಿಸಿದವನು ಟಿಪ್ಪು ಸುಲ್ತಾನ್. ಆದರೆ ಇಂದಿನ ಸೀರೆಯ ಮೂಲವಿರುವುದು 1912ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ್ ಅವರ ಆಳ್ವಿಕೆಯಲ್ಲಿ, ಸ್ವಿಟ್ಜರ್ಲೆಂಡಿನಿಂದ ತರಿಸಿದ ಮಗ್ಗಗಳೊಡನೆ, ಅರಮನೆಯ ಉಡುಪಿನ ಅಗತ್ಯಕ್ಕಾಗಿ ಆರಂಭವಾದ ನೇಯ್ಗೆ ಕಾರ್ಖಾನೆಯಲ್ಲಿ. ಮೈಸೂರಿನ ಮಾನಂದವಾಡಿ ರಸ್ತೆಯಲ್ಲಿರುವ ಈ ಕಾರ್ಖಾನೆ 1980ರಲ್ಲಿ ಕರ್ನಾಟಕ ರೇಷ್ಮೆ ಉದ್ಯಮಗಳ ನಿಗಮಕ್ಕೆ ಸೇರಿತು.

ಈ ಸೀರೆಯ ಚೆಲುವು ಅಲಂಕಾರದಲ್ಲಿಲ್ಲ, ನೂಲಿನ ಹುರಿಯಲ್ಲಿದೆ. ಬಿಗಿಯಾಗಿ ಹುರಿಗೊಳಿಸಿದ ನೂಲನ್ನು ಹೊಕ್ಕಾಗಿ, ಅಂದರೆ ಅಡ್ಡ ಎಳೆಯಾಗಿ, ಎಡಹುರಿ ಬಲಹುರಿಗಳನ್ನು ಸರದಿಯಂತೆ ಹಾಯಿಸಿ ನೇಯ್ದು, ಬಟ್ಟೆಯನ್ನು ಸಾಬೂನು ನೀರಿನಲ್ಲಿ ಕುದಿಸಿದಾಗ ರೇಷ್ಮೆಯ ಸಹಜ ಅಂಟಾದ ಸೆರಿಸಿನ್ ಕರಗಿ, ಬಿಗಿ ಸಡಿಲಿದ ಎಳೆಗಳು ಒಂದೊಂದು ದಿಕ್ಕಿಗೆ ಸೆಳೆದುಕೊಂಡು ಮೈಮೇಲೆ ನೀರಿನಂತೆ ಇಳಿಯುವ ಕ್ರೇಪ್ ಬಟ್ಟೆಯಾಗುತ್ತದೆ. ಬಣ್ಣ ಕಟ್ಟುವುದು ನೇಯ್ಗೆಯ ನಂತರವಾದ್ದರಿಂದ ಒಡಲೆಲ್ಲ ಒಂದೇ ಬಣ್ಣ, ಶೇ. 65ರಷ್ಟು ಬೆಳ್ಳಿ ಮತ್ತು ಶೇ. 0.65ರಷ್ಟು ಚಿನ್ನವಿರುವ ಜರಿ ಮಾತ್ರ ಬಣ್ಣ ಹಿಡಿಯದೆ ಅಂಚಿನಲ್ಲಿ ಹೊಳೆಯುತ್ತದೆ.

ಇನ್ನು ಸೂಜಿಯ ಕಲೆಯಾದ ಕಸೂತಿ ಉತ್ತರ ಕರ್ನಾಟಕದ ಸಂಪತ್ತು. ಧಾರವಾಡದ ಸುತ್ತಮುತ್ತಲಿನ ಹೆಣ್ಣುಮಕ್ಕಳು ಮುಖ್ಯವಾಗಿ ಇಳಕಲ್ ಸೀರೆಗೆ ಗೋಪುರ, ತೇರು, ತುಳಸಿಕಟ್ಟೆ, ಆನೆ, ನವಿಲುಗಳನ್ನು ಗಾವಂಟಿ, ಮುರಗಿ, ನೇಗಿ, ಮೆಂಥಿ ಎಂಬ ನಾಲ್ಕು ಹೊಲಿಗೆಗಳಲ್ಲಿ ಮೂಡಿಸುತ್ತ ಬಂದರು. ಬಟ್ಟೆಯ ಮೇಲೆ ಚಿತ್ರ ಬರೆದುಕೊಳ್ಳದೆ, ಎಳೆಗಳನ್ನು ಎಣಿಸಿಯೇ ಸೂಜಿ ಹಾಕುವುದು ಈ ಕಲೆಯ ಪ್ರಾಣ. ಇತ್ತೀಚಿನ ದಶಕಗಳಲ್ಲಿ ಕಸೂತಿ ಮೈಸೂರು ರೇಷ್ಮೆಗೂ ಬಂದಾಗ ಎದುರಾದ ತೊಡಕು ಇದೇ: ಕ್ರೇಪಿನ ನವಿರಾದ ಎಳೆ ಕಣ್ಣಿನ ಎಣಿಕೆಗೆ ಸಿಗದು. ಆದ್ದರಿಂದ ಇಂತಹ ಬಟ್ಟೆಯ ಮೇಲೆ ಜಾಲಿಯಂತಹ ಕ್ಯಾನ್ವಾಸನ್ನು ಟಾಕು ಹಾಕಿ ಕೂರಿಸಿ, ಅದರ ಕಣ್ಣುಗಳನ್ನು ಎಣಿಸಿ ಹೊಲಿದು, ಕೊನೆಯಲ್ಲಿ ಕ್ಯಾನ್ವಾಸಿನ ಒಂದೊಂದೇ ಎಳೆಯನ್ನು ಹೊಲಿಗೆಯ ಕೆಳಗಿನಿಂದ ಎಳೆದು ತೆಗೆಯುತ್ತಾರೆ; ಅವಸರಪಟ್ಟರೆ ರೇಷ್ಮೆಯೇ ಸುಕ್ಕುಗಟ್ಟುತ್ತದೆ.

ಮೈಸೂರು ರೇಷ್ಮೆಗೂ ಕಸೂತಿಗೂ ಇಂದು ಭೌಗೋಳಿಕ ಸೂಚಿಕೆಯ ಮಾನ್ಯತೆಯಿದ್ದರೂ, ಯಂತ್ರದ ಕಸೂತಿ ಅಂಗಡಿಗಳನ್ನು ತುಂಬಿರುವಾಗ ಕೈಗೆಲಸವನ್ನು ಉಳಿಸುವುದು ಕೊಳ್ಳುವವರ ಕಣ್ಣು. ಗಾವಂಟಿ, ಮುರಗಿ ಹೊಲಿಗೆಗಳು ಗಂಟಿಲ್ಲದೆ ಎರಡೂ ಬದಿಗೆ ಒಂದೇ ಬಗೆಯಾಗಿ ಕಾಣುವುದರಿಂದ, ಬೆಲೆ ಕೇಳುವ ಮುನ್ನ ಸೆರಗನ್ನು ಮಗುಚಿ ನೋಡಬೇಕು.