ನಿಂಬೆಹಣ್ಣಿನ ಕಾನೂನು



ನಮ್ಮಲ್ಲಿ ಹೊಸ ಗಾಡಿ ಮನೆಗೆ ಬಂದರೆ ಚಕ್ರದಡಿ ನಿಂಬೆಹಣ್ಣಿಟ್ಟು, ಅದರ ಮೇಲೆ ಗಾಡಿ ಹಾಯಿಸಿದ ಮೇಲೆಯೇ ಊರು ಸುತ್ತಲು ಹೊರಡುವುದು. ಆಯುಧಪೂಜೆಯ ದಿನವಂತೂ ಹಳೆಯ ಸೈಕಲ್ಲಿಗೂ ಈ ಮರ್ಯಾದೆ ಸಲ್ಲುತ್ತದೆ. ಹೀಗೆ ನಮ್ಮಲ್ಲಿ ದೃಷ್ಟಿ ತೆಗೆಯುವ ಈ ಹಣ್ಣು ಅಮೆರಿಕದ ಆಡುಮಾತಿನಲ್ಲಿ ಬೇರೆಯೇ ಅರ್ಥ ಪಡೆದಿದೆ. ಹೊರಗೆ ಥಳಥಳಿಸಿ ಒಳಗೆ ಕೈಕೊಡುವ ವಸ್ತುವನ್ನು ಅಲ್ಲಿ 'ಲೆಮನ್' ಎನ್ನುತ್ತಾರೆ. ಪದೇ ಪದೇ ಕೆಡುವ ಕಾರಿಗಂತೂ ಅದು ಖಾಯಂ ಬಿರುದು. ಅಂತಹ ಕಾರು ಕೊಂಡು ಕಂಗೆಟ್ಟವನ ಕೈಹಿಡಿಯುವ ಶಾಸನಕ್ಕೆ 'ಲೆಮನ್ ಲಾ' ಎಂದು ಹೆಸರು. ಈ ಶಾಸನದ ಚರಿತ್ರೆಯನ್ನು ನಾನು ಹುಡುಕಿ ಓದಿದ್ದು, ನಾನೇ ಕೊಟ್ಟ ಒಂದು ತಪ್ಪು ಸಲಹೆಯ ಕಾರಣದಿಂದ.

ಕೆಲವು ವರ್ಷಗಳ ಹಿಂದೆ ನ್ಯೂಯಾರ್ಕ್ ರಾಜ್ಯದಲ್ಲಿ ಓದುತ್ತಿದ್ದ ನನ್ನ ಸೋದರಳಿಯ ಅಲ್ಲಿನ ಒಬ್ಬ ವ್ಯಾಪಾರಿಯಿಂದ 62,000 ಮೈಲಿ ಓಡಿದ್ದ ಕಾರೊಂದನ್ನು ಕೊಂಡ. ಎರಡನೆಯ ವಾರದಲ್ಲಿಯೇ ಗೇರು ಜಾರತೊಡಗಿತು. ಎರಡು ಬಾರಿ ರಿಪೇರಿಯಾದರೂ ಕಾರು ಹೆದ್ದಾರಿಯ ನಡುವೆ ನಿಂತಿತು. "ಮಾವ, ಏನು ಮಾಡಲಿ?" ಎಂದು ಫೋನಿನಲ್ಲಿ ಕೇಳಿದ. "ಪರದೇಶದಲ್ಲಿ ಓದಲು ಹೋದವನು ನೀನು. ವ್ಯಾಜ್ಯ ನಮಗೇಕಪ್ಪ? ಋಣ ಹರಿಯಿತು ಎಂದುಕೊಂಡು ಸುಮ್ಮನಿದ್ದುಬಿಡು" ಎಂದೆ.

ಈ ಮಾತು ನನ್ನ ಬಾಯಿಂದ ಬಂದದ್ದಕ್ಕೆ ಹಿನ್ನೆಲೆಯಿದೆ. 1981ರಲ್ಲಿ ನಾನು ಹಳೆಯ ಸ್ಕೂಟರೊಂದನ್ನು ಕೊಂಡಿದ್ದೆ. ಆಗ ಹೊಸ ಸ್ಕೂಟರಿಗೆ ಹೆಸರು ಬರೆಸಿ ವರ್ಷಗಟ್ಟಲೆ ಕಾಯಬೇಕಾಗಿದ್ದ ಕಾಲವಾದ್ದರಿಂದ ಹಳೆಯದಕ್ಕೂ ವಿಪರೀತ ಬೆಲೆ. ನನ್ನಾಕೆ ಎರಡು ಬಳೆಗಳನ್ನು ಅಡವಿಡಲು ಕೊಟ್ಟಳು. ಇಪ್ಪತ್ತು ದಿನಗಳಲ್ಲಿ ಎಂಜಿನ್ ಹಿಡಿದುಕೊಂಡಿತು. ತಳ್ಳಿಕೊಂಡು ಅಂಗಡಿಗೆ ಹೋದಾಗ ಮಾರಿದಾತ ನಗುತ್ತಾ, "ನೋಡಿಯೇ ತಗೊಂಡ್ರಲ್ಲ ಮೇಷ್ಟ್ರೇ!" ಎಂದ. ಆ ಒಂದು ಮಾತಿಗೆ ನನ್ನಲ್ಲಿ ಉತ್ತರವಿರಲಿಲ್ಲ. ಬಳೆಗಳು ಮರಳಿ ಬರಲಿಲ್ಲ.

ಆ ಮಾತಿನ ವಯಸ್ಸು ಶತಮಾನಗಳದು. 1603ರಲ್ಲಿ ಇಂಗ್ಲೆಂಡಿನಲ್ಲಿ ಒಬ್ಬ ಅಕ್ಕಸಾಲಿಗನು ವಿಷಹಾರಿ ಗೋರೋಚನವೆಂದು ಹೇಳಿ ಒಂದು ಕಲ್ಲನ್ನು 100 ಪೌಂಡಿಗೆ ಮಾರಿದ. ಅದು ಗೋರೋಚನವಲ್ಲವೆಂದು ಕೊಂಡವನು ದಾವೆ ಹೂಡಿದ. ಮಾರುವವನು ಬಾಯಲ್ಲಿ ಹೊಗಳಿದ ಮಾತ್ರಕ್ಕೆ ಅದು ಭರವಸೆಯಾಗದು ಎಂದು ನ್ಯಾಯಾಲಯ ಆ ದಾವೆಯನ್ನು ತಳ್ಳಿಹಾಕಿತು. ಕೊಳ್ಳುವವನೇ ಎಚ್ಚರವಾಗಿರತಕ್ಕದ್ದು ಎಂಬ ಸೂತ್ರವು ಹೀಗೆ ಬೇರೂರಿತು.

ಆದರೆ ಯಂತ್ರಯುಗದಲ್ಲಿ ಕಣ್ಣಿಗೆ ಕಾಣದ ಒಳಗಿನ ದೋಷವನ್ನು ಕೊಳ್ಳುವವನು ಹೇಗೆ ಕಂಡಾನು? 1955ರ ಮೇ ತಿಂಗಳಲ್ಲಿ ನ್ಯೂಜೆರ್ಸಿಯ ಕ್ಲಾಸ್ ಹೆನ್ನಿಂಗ್‌ಸನ್ ಎಂಬುವರು ಹೊಸ ಪ್ಲಿಮತ್ ಕಾರನ್ನು ಪತ್ನಿಗೆ ಉಡುಗೊರೆಯಾಗಿ ಕೊಂಡರು. ಹತ್ತೇ ದಿನಗಳಲ್ಲಿ, 468 ಮೈಲಿ ಓಡಿದ್ದಾಗ, ಸ್ಟಿಯರಿಂಗ್ ಕೈತಪ್ಪಿ ಕಾರು ಗೋಡೆಗೆ ಬಡಿಯಿತು. ಕರಾರಿನ ಸಣ್ಣಕ್ಷರದಲ್ಲಿದ್ದುದು, ಕೆಟ್ಟ ಬಿಡಿಭಾಗವನ್ನು 90 ದಿನ ಅಥವಾ 4,000 ಮೈಲಿಯ ಒಳಗೆ ಬದಲಿಸಿಕೊಡುವ ಮಾತು ಮಾತ್ರ. 1960ರಲ್ಲಿ ಆ ರಾಜ್ಯದ ಸುಪ್ರೀಂ ಕೋರ್ಟು ಆ ಕರಾರಿನ ನಿರ್ಬಂಧವನ್ನು ಒಪ್ಪಲಿಲ್ಲ. ವಾಹನವು ಬಳಕೆಗೆ ಯೋಗ್ಯವಾಗಿರಬೇಕೆಂಬುದು ಬರೆಯದಿದ್ದರೂ ಇರುವ ಭರವಸೆ ಎಂದು ತೀರ್ಪಿತ್ತಿತು.

ಮುಂದಿನ ಸಂಗತಿ ನಮ್ಮ ದೇಶಕ್ಕೂ ತಾಗುವಂಥದು. 1970ರಲ್ಲಿ ಜಾರ್ಜ್ ಅಕರ್ಲಾಫ್ ಎಂಬ ತರುಣ ಅರ್ಥಶಾಸ್ತ್ರಜ್ಞರು ಹಳೆಯ ಕಾರುಗಳ ಮಾರುಕಟ್ಟೆಯನ್ನೇ ಉದಾಹರಣೆಯಾಗಿಟ್ಟುಕೊಂಡು ಒಂದು ಲೇಖನ ಪ್ರಕಟಿಸಿದರು. ಮೂರು ಪತ್ರಿಕೆಗಳು ಅದನ್ನು ಮೊದಲು ತಿರಸ್ಕರಿಸಿದ್ದವು. ಕಾರಿನ ಗುಟ್ಟು ಮಾರುವವನಿಗೆ ಮಾತ್ರ ಗೊತ್ತು. ಕೊಳ್ಳುವವನು ಸಂಶಯದಿಂದ ಬೆಲೆ ಇಳಿಸುತ್ತಾನೆ. ಆ ಬೆಲೆಗೆ ಒಳ್ಳೆಯ ಕಾರಿನ ಒಡೆಯ ಮಾರಲೊಪ್ಪುವುದಿಲ್ಲ. ಕೊನೆಗೆ ಸಂತೆಯಲ್ಲಿ ಉಳಿಯುವುದು ಕೆಟ್ಟವೇ. ಇದು ಅವರ ವಾದ. 1967-68ರಲ್ಲಿ ದೆಹಲಿಯ ಭಾರತೀಯ ಸಂಖ್ಯಾಶಾಸ್ತ್ರ ಸಂಸ್ಥೆಯಲ್ಲಿದ್ದ ಅವರು, ಬೇಕೆಂದೇ ಬೆರೆಸಿದ ಕಲ್ಲನ್ನು ಅಕ್ಕಿಯಿಂದ ಆರಿಸಬೇಕಾದ ಭಾರತದ ಗೃಹಿಣಿಯನ್ನೂ ಆ ಲೇಖನದಲ್ಲಿ ನೆನೆದಿದ್ದಾರೆ. ನಮ್ಮ ತಾಯಂದಿರು ಮೊರ ಹಿಡಿದು ಕುಳಿತಿದ್ದುದರ ಹಿಂದೆ ಒಂದು ಸಿದ್ಧಾಂತವೇ ಅಡಗಿತ್ತೆಂಬುದನ್ನು ಓದಿ ನಾನು ಬೆರಗಾದೆ. 2001ರಲ್ಲಿ ಅವರಿಗೆ ಇನ್ನಿಬ್ಬರೊಡನೆ ನೊಬೆಲ್ ಪುರಸ್ಕಾರ ಸಂದಿತು.

ಶಾಸನಗಳು ಒಂದರ ಹಿಂದೊಂದು ಬಂದವು. 1975ರಲ್ಲಿ ಅಮೆರಿಕದ ಕೇಂದ್ರ ಸರ್ಕಾರವು ವಾರಂಟಿಗಳ ಬಗ್ಗೆ ಕಾಯಿದೆ ಮಾಡಿತು. 1982ರಲ್ಲಿ ಕನೆಕ್ಟಿಕಟ್ ರಾಜ್ಯ ಮೊತ್ತಮೊದಲ ಲೆಮನ್ ಕಾನೂನನ್ನು ತಂದಿತು. ಶಾಸಕ ಜಾನ್ ವುಡ್‌ಕಾಕ್ ಅದರ ಕರ್ತೃ. ನಾಲ್ಕು ಬಾರಿ ರಿಪೇರಿಯಾದರೂ ಸರಿಹೋಗದ, ಅಥವಾ ಒಟ್ಟು 30 ದಿನ ಗ್ಯಾರೇಜಿನಲ್ಲಿಯೇ ಕಳೆದ ಹೊಸ ಕಾರಿಗೆ ಪರಿಹಾರ ಎಂಬುದು ಅದರ ತಿರುಳು.

ಹಳೆಯ ಕಾರಿನ ವಿಷಯ ಅಷ್ಟು ಸುಲಭವಾಗಿರಲಿಲ್ಲ. ತನಗೆ ಗೊತ್ತಿರುವ ದೋಷಗಳನ್ನು ವ್ಯಾಪಾರಿ ಚೀಟಿಯಲ್ಲಿ ಬರೆದು ಕಾರಿಗೆ ಅಂಟಿಸಬೇಕೆಂದು ಫೆಡರಲ್ ಟ್ರೇಡ್ ಕಮಿಷನ್ ನಿಯಮ ಮಾಡಿದಾಗ, 1982ರಲ್ಲಿ ಅಮೆರಿಕದ ಸಂಸತ್ತೇ ಅದನ್ನು ತಡೆಯಿತು. 1984ರಲ್ಲಿ ಹೊರಬಂದ ನಿಯಮದಲ್ಲಿ ವಾರಂಟಿ ಇದೆಯೋ ಇಲ್ಲವೋ ಎಂದು ತಿಳಿಸುವ ಚೀಟಿ ಉಳಿಯಿತು. ಗೊತ್ತಿರುವ ದೋಷ ಹೇಳಬೇಕೆಂಬ ಮಾತು ಮಾಯವಾಗಿತ್ತು. ಅದೇ ವರ್ಷ ನ್ಯೂಯಾರ್ಕ್ ರಾಜ್ಯವು ಹಳೆಯ ಕಾರುಗಳಿಗೂ ಲೆಮನ್ ಕಾನೂನನ್ನು ರಚಿಸಿತು. ಅದರಂತೆ 36,000ಕ್ಕಿಂತ ಹೆಚ್ಚು, 80,000ಕ್ಕಿಂತ ಕಡಿಮೆ ಮೈಲಿ ಓಡಿದ ಕಾರಿಗೆ ವ್ಯಾಪಾರಿ 60 ದಿನ ಅಥವಾ 3,000 ಮೈಲಿಯ ವಾರಂಟಿಯನ್ನು ಕೊಡಲೇಬೇಕು. ಎಂಜಿನ್, ಗೇರು, ಬ್ರೇಕು, ಸ್ಟಿಯರಿಂಗ್ ಮುಂತಾದವು ಅದರಲ್ಲಿ ಸೇರುತ್ತವೆ. ಮೂರು ರಿಪೇರಿಗೂ ಬಗ್ಗದಿದ್ದರೆ, ಇಲ್ಲವೇ ಒಟ್ಟು 15 ದಿನ ಕಾರು ಕೈಗೆ ಸಿಗದಿದ್ದರೆ, ಹಣ ಹಿಂದಿರುಗಿಸಬೇಕು. ಆದರೆ ವ್ಯಾಪಾರಿಯಿಂದ ಕೊಂಡದ್ದಕ್ಕೆ ಮಾತ್ರ ಈ ರಕ್ಷಣೆ, ನೆರೆಮನೆಯವರಿಂದ ಕೊಂಡದ್ದಕ್ಕಲ್ಲ.

ಹುಡುಗ ನನ್ನ ಮಾತು ಕೇಳಲಿಲ್ಲ. ಮೂರನೆಯ ರಿಪೇರಿಯೂ ವಿಫಲವಾದಾಗ, ಪ್ರತಿ ಸಲದ ರಸೀದಿ, ತಾರೀಖು, ಮೈಲಿಯ ಲೆಕ್ಕ ಎಲ್ಲವನ್ನೂ ಜೋಡಿಸಿ ರಾಜ್ಯದ ಪಂಚಾಯ್ತಿದಾರರ ಮುಂದೆ ಅರ್ಜಿ ಹಾಕಿದ. 'ಇದ್ದ ಸ್ಥಿತಿಯಲ್ಲಿಯೇ ಕೊಂಡಿದ್ದೇನೆ' ಎಂದು ಅವನು ಸಹಿ ಮಾಡಿದ್ದ ಕಾಗದವನ್ನು ವ್ಯಾಪಾರಿ ತೋರಿಸಿದನಂತೆ. ಈ ಹಕ್ಕನ್ನು ಸಹಿ ಮಾಡಿಯೂ ಬಿಟ್ಟುಕೊಡಲು ಬರುವುದಿಲ್ಲ ಎಂದು ಆ ಕಾನೂನೇ ಹೇಳುತ್ತದೆ. ತೀರ್ಪು ಹುಡುಗನ ಪರವಾಯಿತು, ಹಣ ಮರಳಿತು.

ನಮ್ಮಲ್ಲಿ ಪ್ರತ್ಯೇಕ ಲೆಮನ್ ಕಾನೂನು ಇಲ್ಲ. 1986ರ ಗ್ರಾಹಕ ಸಂರಕ್ಷಣಾ ಕಾಯಿದೆಯಿಂದ ಜಿಲ್ಲಾ ವೇದಿಕೆಗಳು ಬಂದವು. ಅದರ ಜಾಗದಲ್ಲಿ ಬಂದ 2019ರ ಕಾಯಿದೆ 2020ರಲ್ಲಿ ಜಾರಿಯಾಯಿತು. ದೋಷವಿದೆಯೇ ಎಂದು ಪ್ರಯೋಗಾಲಯದಲ್ಲಿ ಪರೀಕ್ಷೆ ಮಾಡಿಸುವ ಅವಕಾಶವೂ ಅಲ್ಲಿದೆ. ಆದರೆ ನನ್ನನ್ನು ಬಹಳ ಕಾಡಿದ್ದು ಅದಕ್ಕಿಂತ ಹಳೆಯ ಕಾಯಿದೆ, 1930ರ ಸರಕು ಮಾರಾಟ ಕಾಯಿದೆ. ಅದರ 16ನೆಯ ಕಲಮಿನ ಪ್ರಕಾರ, ಅಂಥ ಸರಕಿನ ವ್ಯಾಪಾರಿಯಿಂದ ವಿವರ ಹೇಳಿ ಕೊಂಡ ವಸ್ತು ಮಾರಾಟಯೋಗ್ಯವಾಗಿರಬೇಕು. ಕೊಳ್ಳುವವನು ನೋಡಿಯೇ ಕೊಂಡಿದ್ದರೆ, ಹಾಗೆ ನೋಡಿದಾಗ ಕಾಣಬೇಕಾಗಿದ್ದ ದೋಷಗಳಿಗೆ ಮಾತ್ರ ಆ ಷರತ್ತು ಅನ್ವಯಿಸುವುದಿಲ್ಲ. ಎಂಜಿನ್ನಿನ ಹೊಟ್ಟೆಯೊಳಗಿನದು ಕಣ್ಣಿಗೆ ಕಾಣುವ ದೋಷವೇ? "ನೋಡಿಯೇ ತಗೊಂಡ್ರಲ್ಲ" ಎಂಬ ಮಾತಿಗೆ ಕೊಡಬಹುದಾಗಿದ್ದ ಉತ್ತರ, ನಾನು ಹುಟ್ಟುವುದಕ್ಕೂ ಮೊದಲೇ ಈ ದೇಶದ ಪುಸ್ತಕದಲ್ಲಿ ಅಚ್ಚಾಗಿತ್ತು. ಪೌರನೀತಿ ಪಾಠ ಹೇಳುತ್ತಿದ್ದ ಮೇಷ್ಟ್ರಿಗೇ ಅದು ಗೊತ್ತಿರಲಿಲ್ಲ!

ಹುಡುಗ ರಜೆಗೆ ಬಂದಾಗ ಅತ್ತೆಯ ಕೈಗೆ ಒಂದು ಪುಟ್ಟ ಪೊಟ್ಟಣ ಕೊಟ್ಟ. ಒಳಗೆ ಎರಡು ಬಳೆಗಳಿದ್ದವು. ಅವನ ತಾಯಿ ಸ್ಕೂಟರಿನ ಕಥೆಯನ್ನು ಅವನಿಗೆ ಎಂದೋ ಹೇಳಿದ್ದಳಂತೆ. ನನ್ನಾಕೆ ಅವನ್ನು ತೊಟ್ಟುಕೊಂಡು ನನ್ನ ಕಡೆ ನೋಡಿದಳು. ಅಂದೂ ನನ್ನಲ್ಲಿ ಉತ್ತರವಿರಲಿಲ್ಲ.

ಹಳೆಯ ಗಾಡಿ ಕೊಳ್ಳಹೊರಟಿರುವ ನನ್ನ ವಿದ್ಯಾರ್ಥಿಗಳಿಗೆ ಹೇಳುವುದಿಷ್ಟೇ: ಚಕ್ರದಡಿ ನಿಂಬೆಹಣ್ಣನ್ನು ಅವಶ್ಯವಾಗಿ ಇಡಿ, ರಸೀದಿಗಳನ್ನು ಪೆಟ್ಟಿಗೆಯಲ್ಲಿಡಿ.